ಬೆಸುಗೆ ಕಾಣದ ಕಂಬಗಳು

ಸೇಂಟ್ ಪೀಟರ್ಸ್‌ಬರ್ಗ್‌ನ ಚಳಿಗಾಲದ ಅರಮನೆಯಲ್ಲಿ ಒಂದು ಹಸಿರು ಕೋಣೆ ಇದೆ. ಮ್ಯಾಲಕೈಟ್ ಕೋಣೆ ಅಂತ ಕರೆಯುತ್ತಾರೆ. ಎಂಟು ಕಂಬ, ಗೋಡೆಗೆ ಅಂಟಿದ ಎಂಟು ಅರೆಗಂಬ, ಚಳಿ ಕಾಯಿಸುವ ಒಲೆಯ ಚೌಕಟ್ಟು, ಮೇಜು, ಹೂದಾನಿ, ಎಲ್ಲವೂ ಕಡು ಹಸಿರು ಕಲ್ಲಿನವು. ಮೇಲೆ ಚಿನ್ನದ ಬಣ್ಣ ಬಳಿದ ಚಾವಣಿ. ಬಂದವರು ಫೋಟೋ ತೆಗೆದುಕೊಂಡು ಎರಡು ನಿಮಿಷದಲ್ಲಿ ಮುಂದಿನ ಕೋಣೆಗೆ ಹೋಗುತ್ತಿದ್ದರು. ನಾನು ಅರ್ಧ ಗಂಟೆ ಅಲ್ಲೇ ನಿಂತಿದ್ದೆ. ಅಷ್ಟೂ ಹೊತ್ತು ಒಂದೇ ಕಂಬವನ್ನು ನೋಡುತ್ತಿದ್ದೆ. ಕಲ್ಲಿಗೆ ಕಲ್ಲು ಕೂಡಿದ ಗೆರೆ ಎಲ್ಲಾದರೂ ಕಾಣುತ್ತದಾ ಅಂತ.

ಇದು ಅಪ್ಪನಿಂದ ಬಂದ ಅಭ್ಯಾಸ. ಅಪ್ಪ ನಲವತ್ತು ವರ್ಷ ಚಿನ್ನದ ಕೆಲಸ ಮಾಡಿದವರು. ನಮ್ಮ ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಊದುಗೊಳವೆ, ಬಿಳಿಗಾರದ ಡಬ್ಬಿ, ಒರೆಗಲ್ಲು, ಸಣ್ಣ ಚಿಮಟ, ಇವೆಲ್ಲ ನಮಗೆ ಆಟಿಕೆಗಳಿಗಿಂತ ಮೊದಲು ಗೊತ್ತಾದ ಸಾಮಾನುಗಳು. ಬಳೆಯ ಎರಡು ತುದಿ ಸೇರಿಸಿ ಬೆಸುಗೆ ಹಾಕಿದ ಮೇಲೆ ಅಪ್ಪ ಅದನ್ನು ನನ್ನ ಕೈಗೆ ಕೊಟ್ಟು ‘ಎಲ್ಲಿ ಕೂಡಿದೆ ಹೇಳು’ ಅನ್ನುತ್ತಿದ್ದರು. ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ. ಸಿಗದಿದ್ದರೆ ಅಪ್ಪನ ಮುಖ ಅರಳುತ್ತಿತ್ತು. ಸಿಕ್ಕಿದರೆ ಒಂದು ಮಾತೂ ಆಡದೆ ಮತ್ತೆ ಅರ ಹಿಡಿಯುತ್ತಿದ್ದರು. ‘ಬೆಸುಗೆ ಕಂಡ್ರೆ ಕೆಲಸ ಕೆಟ್ಟ ಹಾಗೆ’ ಅನ್ನುವುದು ಅವರ ಮಾತು.

ಆ ಕಂಬದಲ್ಲಿ ನನಗೆ ಗೆರೆ ಸಿಗಲಿಲ್ಲ. ಆದರೆ ಅದು ಇದ್ದೇ ಇದೆ. ಒಂದಲ್ಲ, ನೂರಾರು.

ಮ್ಯಾಲಕೈಟ್ ತಾಮ್ರದ ಗಣಿಯಲ್ಲಿ ಸಿಗುವ ಕಲ್ಲು. ತಾಮ್ರದ ಅಂಶದಿಂದಲೇ ಆ ಹಸಿರು. ಮೆತ್ತನೆಯ ಕಲ್ಲು, ಚಾಕುವಿನಿಂದ ಗೀರಬಹುದು. ಒಳಗೆ ಪೊಳ್ಳು, ಬಿರುಕು ಜಾಸ್ತಿ. ಇಂಥ ಕಲ್ಲಿನಿಂದ ಆಳೆತ್ತರದ ಕಂಬವನ್ನು ಇಡಿಯಾಗಿ ಕಡೆಯಲು ಆಗುವುದಿಲ್ಲ. ಅದಕ್ಕೆ ರಷ್ಯಾದ ಕೆಲಸಗಾರರು ಒಂದು ದಾರಿ ಕಂಡುಕೊಂಡರು. ಕಲ್ಲನ್ನು ಎರಡರಿಂದ ನಾಲ್ಕು ಮಿಲಿಮೀಟರ್ ದಪ್ಪದ ತೆಳು ಬಿಲ್ಲೆಗಳಾಗಿ ಕೊಯ್ಯುವುದು. ಆ ಬಿಲ್ಲೆಗಳನ್ನು ಬೇರೆ ಕಲ್ಲಿನ ಅಥವಾ ಲೋಹದ ಅಚ್ಚಿನ ಮೇಲೆ ಬಿಸಿ ಅಂಟಿನಿಂದ ಕೂರಿಸುವುದು. ಇದಕ್ಕೆ ರಷ್ಯನ್ ಮೊಸಾಯಿಕ್ ಅಂತಲೇ ಹೆಸರು ಬಂತು.

ಹೇಳುವುದು ಸುಲಭ. ಮ್ಯಾಲಕೈಟ್ ಮೈಮೇಲೆ ಮರದ ಸುತ್ತುಗಳ ಹಾಗೆ ಉಂಗುರಗಳಿರುತ್ತವೆ, ನೀರಿನ ಅಲೆಯ ಹಾಗೆ ಪಟ್ಟೆಗಳಿರುತ್ತವೆ. ಒಂದು ಬಿಲ್ಲೆಯ ಅಲೆ ಪಕ್ಕದ ಬಿಲ್ಲೆಯಲ್ಲಿ ಮುಂದುವರಿಯಬೇಕು. ಒಂದೇ ತುಂಡಿನಿಂದ ಕೊಯ್ದ ಎರಡು ಬಿಲ್ಲೆಗಳನ್ನು ಪುಸ್ತಕ ತೆರೆದ ಹಾಗೆ ಇಟ್ಟರೆ ಎಡಕ್ಕೂ ಬಲಕ್ಕೂ ಒಂದೇ ಚಿತ್ತಾರ ಬರುತ್ತದೆ. ನಾಲ್ಕು ಇಟ್ಟರೆ ನಡುವೆ ಹೂವು ಅರಳುತ್ತದೆ. ಕಂಬದ ದುಂಡು ಮೈಗೆ ಕೂರಬೇಕಾದರೆ ಆ ಬಿಲ್ಲೆಯ ಬೆನ್ನನ್ನೂ ದುಂಡಗೆ ಸವೆಸಬೇಕು. ಅಂಚನ್ನು ನೇರವಾಗಿ ಕತ್ತರಿಸಿದರೆ ಕೂಡಿದ ಗೆರೆ ಕಣ್ಣಿಗೆ ಹೊಡೆಯುತ್ತದೆ. ಹಾಗಾಗಿ ಕಲ್ಲಿನೊಳಗಿನ ಪಟ್ಟೆ ಹೇಗೆ ಬಾಗುತ್ತದೋ ಹಾಗೇ ಅಂಚನ್ನೂ ಬಾಗಿಸುತ್ತಿದ್ದರು. ಉಳಿದ ಸಂದಿಗೆ ಅದೇ ಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿ ತುಂಬುತ್ತಿದ್ದರು. ಆಮೇಲೆ ಉಜ್ಜುವುದು. ಮತ್ತೆ ಉಜ್ಜುವುದು. ಕೊನೆಗೆ ಕಣ್ಣಿಗೆ ಕಾಣುವುದು ಒಂದೇ ಕಲ್ಲು, ಬೆಟ್ಟದಿಂದ ಹಾಗೇ ಎದ್ದು ಬಂದ ಹಾಗೆ.

ಈ ಕೋಣೆ ಹುಟ್ಟಿದ್ದು ಬೆಂಕಿಯಿಂದ. 1837ರ ಡಿಸೆಂಬರ್‌ನಲ್ಲಿ ಅರಮನೆ ಸುಟ್ಟುಹೋಯಿತು. ರಷ್ಯಾದ ಝಾರ್, ಅಂದರೆ ದೊರೆ, ಒಂದನೇ ನಿಕೊಲಾಯ್ ಅದನ್ನು ಬೇಗ ಮತ್ತೆ ಕಟ್ಟಲು ಹೇಳಿದ. ವಾಸ್ತುಶಿಲ್ಪಿ ಅಲೆಕ್ಸಾಂಡರ್ ಬ್ರ್ಯುಲೋವ್ ಈ ಕೋಣೆಯ ನಕ್ಷೆ ಮಾಡಿದರು. 1839ರಲ್ಲಿ ಕೆಲಸ ಮುಗಿಯಿತು. ಸುಮಾರು ಎರಡು ಟನ್ ಮ್ಯಾಲಕೈಟ್ ಹಿಡಿಯಿತು. ಅದು ಬಂದದ್ದು ಉರಲ್ ಬೆಟ್ಟಗಳಿಂದ. ಅಲ್ಲಿನ ನಿಜ್ನಿ ತಾಗಿಲ್ ಊರಿನ ತಾಮ್ರದ ಗಣಿ ದೆಮಿದೋವ್ ಮನೆತನದ್ದು. ಕೆಲವೇ ವರ್ಷ ಮುಂಚೆ ಅಲ್ಲಿ ಮ್ಯಾಲಕೈಟಿನ ಭಾರಿ ಗಡ್ಡೆ ಸಿಕ್ಕಿತ್ತು. ಅದರಿಂದಲೇ ಇಷ್ಟು ಧಾರಾಳ. 1917ರಲ್ಲಿ, ಝಾರ್ ಪಟ್ಟ ಬಿಟ್ಟ ಮೇಲೆ ಬಂದ ತಾತ್ಕಾಲಿಕ ಸರ್ಕಾರದ ಸಭೆಗಳು ಇದೇ ಕೋಣೆಯಲ್ಲಿ ನಡೆಯುತ್ತಿದ್ದವು. ಕ್ರಾಂತಿಯಾದಾಗ ಅದರ ಮಂತ್ರಿಗಳನ್ನು ಹಿಡಿದದ್ದು ಪಕ್ಕದ ಸಣ್ಣ ಊಟದ ಕೋಣೆಯಲ್ಲಿ. ಬಂದವರಿಗೆ ಎಲ್ಲರೂ ಹೇಳುವ ಕಥೆ ಅದು. ನನ್ನ ಮನಸ್ಸು ಮಾತ್ರ ಆ ಕೂಡುಗೆರೆಗಳನ್ನು ಬಿಟ್ಟು ಹೋಗಲಿಲ್ಲ.

ಅದೇ ದಿನ ಮಧ್ಯಾಹ್ನ ಇದಕ್ಕೆ ಪೂರಾ ಉಲ್ಟಾ ಇರುವ ಒಂದು ವಸ್ತು ನೋಡಿದೆ.

ಈ ಅರಮನೆಯೂ ಸೇರಿರುವ ಹರ್ಮಿಟೇಜ್ ವಸ್ತುಸಂಗ್ರಹಾಲಯದ ನೆಲಮಹಡಿಯಲ್ಲಿ ಕೊಲಿವಾನ್ ಬಟ್ಟಲು ಇದೆ. ಹೂದಾನಿ ಅಂತ ಹೆಸರು, ಆದರೆ ಅಗಲ ಬಾಯಿಯ ಬಟ್ಟಲು ಅಂದರೆ ಸರಿ. ಹಸಿರು ಅಲೆಅಲೆಯ ಜ್ಯಾಸ್ಪರ್ ಕಲ್ಲು. ಉದ್ದ 5 ಮೀಟರ್ ದಾಟುತ್ತದೆ, ಅಗಲ 3 ಮೀಟರ್‌ಗೂ ಜಾಸ್ತಿ, ಎತ್ತರ ಎರಡೂವರೆ ಮೀಟರ್. ತೂಕ 19 ಟನ್. ಕಾಲು ಮತ್ತು ಪೀಠ ಬೇರೆ ತುಂಡು. ಬಟ್ಟಲು ಮಾತ್ರ ಒಂದೇ ಕಲ್ಲು. ಇಲ್ಲಿ ಅಡಗಿಸಲು ಗೆರೆಯೇ ಇಲ್ಲ.

ಜ್ಯಾಸ್ಪರ್ ಮ್ಯಾಲಕೈಟಿನ ಹಾಗಲ್ಲ. ಉಕ್ಕಿಗೂ ಬಗ್ಗದ ಕಲ್ಲು. ಅದನ್ನು ಕಡಿಯುವುದು ಅನ್ನುವ ಮಾತೇ ಇಲ್ಲ, ಸವೆಸುವುದೊಂದೇ ದಾರಿ. ಕುರುಂದದ ಪುಡಿ, ನೀರು, ತಿರುಗುವ ಲೋಹದ ಚಕ್ರ. ಸಾಣೆಯ ಕೆಲಸ ಎಲ್ಲಿ ಹೋದರೂ ಅದೇ. ಸೈಬೀರಿಯಾದ ಆಲ್ತಾಯ್ ಪ್ರಾಂತದ ಕೊಲಿವಾನ್ ಊರಿನಲ್ಲಿ 1802ರಲ್ಲಿ ಕಲ್ಲು ಸಾಣೆ ಹಿಡಿಯುವ ಕಾರ್ಖಾನೆ ಶುರುವಾಗಿತ್ತು. ಅದನ್ನು ಕಟ್ಟಿ ನಿಲ್ಲಿಸಿದವರು ಫಿಲಿಪ್ ಸ್ತ್ರಿಜ್ಕೋವ್. ಹೊಳೆಯ ನೀರಿನಿಂದ ತಿರುಗುವ ದೊಡ್ಡ ಯಂತ್ರಗಳನ್ನು ಅವರೇ ರೂಪಿಸಿದರು. ಇಷ್ಟು ದೊಡ್ಡ ಪಾತ್ರೆಗಳನ್ನು ಕಲ್ಲಿನಲ್ಲಿ ಮಾಡಬಹುದು ಅಂತ ಆದದ್ದೇ ಆ ಯಂತ್ರಗಳು ಬಂದ ಮೇಲೆ.

ಈ ಬಟ್ಟಲಿನ ನಕ್ಷೆ ವಾಸ್ತುಶಿಲ್ಪಿ ಮೆಲ್ನಿಕೋವ್ ಅವರದು. ಕಾಗದದ ಮೇಲೆ ಗೆರೆ ಎಳೆದದ್ದು ರಾಜಧಾನಿಯಲ್ಲಿ. ಕಲ್ಲು ಇದ್ದದ್ದು ಸಾವಿರಾರು ಕಿಲೋಮೀಟರ್ ದೂರದ ಬೆಟ್ಟದಲ್ಲಿ. ಬಂಡೆಯನ್ನು ಆಳುಗಳು ಮರದ ದಿಮ್ಮಿಗಳ ಮೇಲೆ ಎಳೆದು ಕಾರ್ಖಾನೆಗೆ ತಂದರು. 1831ರಿಂದ 1843ರವರೆಗೆ, ಹನ್ನೆರಡು ವರ್ಷ ಕೆಲಸ ನಡೆಯಿತು. ಒಂದು ನಿಮಿಷ ಯೋಚನೆ ಮಾಡಿ. ಹನ್ನೆರಡು ವರ್ಷ ಒಂದೇ ಕಲ್ಲು. ಶುರುವಿನಲ್ಲಿ ಹುಡುಗನಾಗಿ ಸೇರಿದವನಿಗೆ ಮುಗಿಯುವ ಹೊತ್ತಿಗೆ ಮದುವೆಯಾಗಿ ಮಕ್ಕಳಾಗಿರಬೇಕು. ಕಲ್ಲಿನ ಧೂಳು ಉಸಿರಿನ ಜೊತೆ ಒಳಗೆ ಹೋಗುತ್ತಿತ್ತು. ಆ ಧೂಳು ಶ್ವಾಸಕೋಶವನ್ನು ಏನು ಮಾಡುತ್ತದೆ ಅಂತ ಸಾಣೆ ಕೆಲಸದವರ ಮನೆಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಮುಗಿದ ಬಟ್ಟಲನ್ನು 1843ರ ಫೆಬ್ರವರಿಯಲ್ಲಿ ಹೊರಡಿಸಿದರು. ಹಿಮ ಇರುವಾಗಲೇ ಹೊರಡಬೇಕಿತ್ತು, ಯಾಕೆಂದರೆ ಇಷ್ಟು ಭಾರ ಜಾರುಗಾಡಿಯ ಮೇಲೆ ಮಾತ್ರ ಸಾಗುತ್ತದೆ. 150ಕ್ಕೂ ಹೆಚ್ಚು ಕುದುರೆಗಳು ಎಳೆದವು. ಉರಲ್ ತಲುಪಿದ ಮೇಲೆ ಚುಸೊವಾಯಾ ನದಿಯಲ್ಲಿ ತೆಪ್ಪಕ್ಕೆ ಹಾಕಿದರು. ಅಲ್ಲಿಂದ ಕಾಮಾ, ವೋಲ್ಗಾ, ಆಮೇಲೆ ಕಾಲುವೆಗಳು, ಕೊನೆಗೆ ನೆವಾ. ಆಗಸ್ಟ್‌ನಲ್ಲಿ ಪೀಟರ್ಸ್‌ಬರ್ಗ್ ತಲುಪಿತು. ಆದರೆ ಇಡಲು ಜಾಗವೇ ಸಿದ್ಧ ಇರಲಿಲ್ಲ. 1849ರಲ್ಲಿ 770 ಆಳುಗಳು ಸೇರಿ ಅದನ್ನು ಈಗಿರುವ ಜಾಗದಲ್ಲಿ ಕೂರಿಸಿದರು. ಇವತ್ತು ಅದನ್ನು ಆ ಕೋಣೆಯ ಯಾವ ಬಾಗಿಲಿನಿಂದಲೂ ಹೊರಗೆ ತರಲು ಆಗುವುದಿಲ್ಲ.

ನಾನು ಅದರ ಅಂಚಿನ ಕೆಳಗೆ ಬಗ್ಗಿ ನೋಡಿದೆ. ಬಟ್ಟಲಿನ ಅಡಿಯಲ್ಲಿ, ಯಾರೂ ನೋಡದ ಕಡೆಯಲ್ಲೂ, ಎಲೆಗಳ ಸಾಲು ಕೆತ್ತಿದ್ದಾರೆ. ಪ್ರತಿ ಎಲೆಯ ನಡುವಿನ ಏಣೂ ಚೂಪಾಗಿ ನಿಂತಿದೆ. ಮೇಲೆ ಎಷ್ಟು ಹೊಳಪೋ ಕೆಳಗೂ ಅಷ್ಟೇ ಹೊಳಪು. ಅಪ್ಪ ಓಲೆಯ ಹಿಂಬದಿಗೂ ಮುಂಬದಿಯಷ್ಟೇ ಹೊತ್ತು ಕೊಡುತ್ತಿದ್ದರು. ಕಿವಿಗೆ ತಾಗುವ ಕಡೆ ಯಾರು ನೋಡ್ತಾರೆ ಅಂತ ಅಮ್ಮ ಕೇಳಿದರೆ ‘ನಾನು ನೋಡ್ತೀನಲ್ಲ’ ಅನ್ನುತ್ತಿದ್ದರು.

ಇಂಥ ಕಲ್ಲಿನ ಕೆಲಸಕ್ಕೆ ರಷ್ಯಾದಲ್ಲಿ ಮೂರು ದೊಡ್ಡ ನೆಲೆ ಇದ್ದವು. ರಾಜಧಾನಿಯ ಹತ್ತಿರ ಪೀಟರ್‌ಹೋಫ್, ಆಲ್ತಾಯ್‌ನ ಕೊಲಿವಾನ್, ಉರಲ್‌ನ ಎಕತೆರಿನ್‌ಬರ್ಗ್. ಮೂರೂ ದೊರೆಯ ಖಜಾನೆಗೆ ಸೇರಿದವು. ಮೂರರಲ್ಲೂ ಕೆಲಸ ತಂದೆಯಿಂದ ಮಗನಿಗೆ ಬರುತ್ತಿತ್ತು, ಬೇಕೋ ಬೇಡವೋ. ಎಕತೆರಿನ್‌ಬರ್ಗ್‌ನ ಯಾಕೊವ್ ಕೊಕೋವಿನ್ ಅವರ ಕಥೆ ನನ್ನನ್ನು ಬಹಳ ದಿನ ಕಾಡಿತು.

ಕೊಕೋವಿನ್ ಕಲ್ಲು ಕೆಲಸದವರ ಮಗ. ಹುಡುಗನ ಕೈ ಚುರುಕು ನೋಡಿ ಪೀಟರ್ಸ್‌ಬರ್ಗ್‌ನ ಕಲಾ ಅಕಾಡೆಮಿಗೆ ಕಳಿಸಿದರು. ಓದಿ ವಾಪಸ್ ಬಂದವರು ಕೊನೆಗೆ ಅದೇ ಕಾರ್ಖಾನೆಯ ಮುಖ್ಯಸ್ಥರಾದರು. ತಾವೇ ನಕ್ಷೆ ಬರೆದು ತಾವೇ ಕಲ್ಲು ಹಿಡಿಯಬಲ್ಲವರು ಅಂಥ ಕಾಲದಲ್ಲಿ ಎಷ್ಟು ಜನ ಸಿಗುತ್ತಾರೆ? 1830ರ ಕೊನೆಯ ಹೊತ್ತಿಗೆ ಮಕ್ಸಿಮ್ ಕೊಜೆವ್ನಿಕೋವ್ ಎಂಬ ರೈತ ತೊಕೊವಾಯಾ ಹೊಳೆಯ ಹತ್ತಿರದ ಕಾಡಿನಲ್ಲಿ, ಗಾಳಿಗೆ ಬುಡಮೇಲಾದ ಮರದ ಬೇರಿನಲ್ಲಿ ಹಸಿರು ಹರಳುಗಳನ್ನು ಕಂಡ. ಅವು ಪಚ್ಚೆ ಅಂತ ಗುರುತಿಸಿ ಗಣಿ ಶುರುಮಾಡಿದವರು ಕೊಕೋವಿನ್. ರಷ್ಯಾಕ್ಕೆ ತನ್ನದೇ ನೆಲದ ಪಚ್ಚೆ ಸಿಕ್ಕಿತು.

ಐದು ವರ್ಷ ಕಳೆಯುವುದರೊಳಗೆ ರಾಜಧಾನಿಯಿಂದ ತನಿಖೆಗೆ ಅಧಿಕಾರಿ ಬಂದ. ಕೊಕೋವಿನ್ ಮನೆಯಲ್ಲಿ ಪಚ್ಚೆಗಳು ಸಿಕ್ಕವು, ಅದರಲ್ಲಿ ಒಂದು ಬಲು ದೊಡ್ಡದು. ಬಚ್ಚಿಟ್ಟಿದ್ದಾರೆ ಅಂತ ಆರೋಪ. ಜೈಲಿಗೆ ಹಾಕಿದರು, ಪದವಿ ಕಿತ್ತುಕೊಂಡರು. 1840ರಲ್ಲಿ ಅವರು ತೀರಿಕೊಂಡರು. ಆ ದೊಡ್ಡ ಪಚ್ಚೆ ಮಾತ್ರ ಖಜಾನೆಗೆ ಸೇರದೆ ದೊಡ್ಡವರ ಕೈಯಿಂದ ಕೈಗೆ ಹೋಯಿತು ಅನ್ನುತ್ತಾರೆ. ಈಗ ಮಾಸ್ಕೋದ ಫರ್ಸ್‌ಮನ್ ಖನಿಜ ವಸ್ತುಸಂಗ್ರಹಾಲಯದಲ್ಲಿ 2 ಕಿಲೋಗೂ ಜಾಸ್ತಿ ತೂಗುವ ಒಂದು ಪಚ್ಚೆ ಇದೆ. ಅದನ್ನು ಕೊಕೋವಿನ್ ಪಚ್ಚೆ ಅಂತ ಕರೆಯುತ್ತಾರೆ. ಬದುಕಿದ್ದಾಗ ಯಾವ ಕಲ್ಲಿಗಾಗಿ ಕಳ್ಳ ಅನ್ನಿಸಿಕೊಂಡರೋ ಆ ಬಗೆಯ ಕಲ್ಲೇ ಅವರ ಹೆಸರನ್ನು ಹೊತ್ತು ಕೂತಿದೆ. ಆತ ಕದ್ದರೋ ಇಲ್ಲವೋ ಅನ್ನುವುದಕ್ಕಿಂತ, ಮಾಡಿದ ಪಾತ್ರೆಗಳಿಗೆ ಆ ಹೆಸರು ಅಂಟಿಕೊಳ್ಳದೆ ಈ ಒಂದು ಕಲ್ಲಿಗೆ ಅಂಟಿತಲ್ಲ ಅಂತ ನನಗೆ ಸಂಕಟ.

ಅದೇ ಪಚ್ಚೆ ಗಣಿಗಳಲ್ಲಿ ಇನ್ನೊಂದು ಹರಳು ಸಿಕ್ಕಿತು. ಹಗಲಲ್ಲಿ ಹಸಿರು, ಮೇಣದ ದೀಪದಲ್ಲಿ ಕೆಂಪು. ಯುವರಾಜನ ಹೆಸರಿಟ್ಟು ಅಲೆಕ್ಸಾಂಡ್ರೈಟ್ ಅಂದರು. ಹುಡುಕಿದವನ ಹೆಸರು ಇಡುವ ಯೋಚನೆ ಯಾರಿಗೂ ಬಂದ ಹಾಗೆ ಕಾಣೆ.

ಹೆಸರಿನ ಮಾತು ಬಂತಲ್ಲ, ಮಾಸ್ಕೋದ ಕ್ರೆಮ್ಲಿನ್‌ನಲ್ಲಿರುವ ಒಂದು ವಜ್ರದ ಬಗ್ಗೆ ಹೇಳಲೇಬೇಕು. ಅದು ನಮ್ಮ ಕಡೆಯಿಂದ ಹೋದದ್ದು. ಶಾ ವಜ್ರ ಅಂತ ಹೆಸರು. ಹೆಚ್ಚುಕಡಿಮೆ 3 ಸೆಂಟಿಮೀಟರ್ ಉದ್ದ, 88.7 ಕ್ಯಾರೆಟ್, ತುಸು ಹಳದಿ ಛಾಯೆ. ಅದರ ಮೈಮೇಲೆ ಮೂರು ಬರಹಗಳಿವೆ. ಮೊದಲನೆಯದು ಅಹ್ಮದ್‌ನಗರದ ಎರಡನೇ ಬುರ್ಹಾನ್ ನಿಜಾಮ್ ಶಾನದು, ಹಿಜರಿ 1000, ಅಂದರೆ 1591ರ ಸುಮಾರು. ಬೀದರಿನ ಬಹಮನಿ ರಾಜ್ಯ ಒಡೆದು ಹುಟ್ಟಿದ ದಖ್ಖನಿನ ರಾಜ್ಯಗಳಲ್ಲಿ ಅಹ್ಮದ್‌ನಗರವೂ ಒಂದು, ನಮ್ಮ ವಿಜಾಪುರದ ಒಡಹುಟ್ಟು. ಎರಡನೆಯದು ಷಹಜಹಾನ್‌ನದು. ಮೂರನೆಯದು ಪರ್ಷಿಯಾದ ಫತ್ ಅಲಿ ಶಾನದು. 1829ರಲ್ಲಿ ತೆಹ್ರಾನ್‌ನಲ್ಲಿ ರಷ್ಯಾದ ರಾಯಭಾರಿ ಗ್ರಿಬೊಯೆದೋವ್ ಅವರ ಕೊಲೆಯಾದ ಮೇಲೆ, ಕ್ಷಮೆ ಕೇಳಲು ಹೋದ ಪರ್ಷಿಯಾದ ರಾಜಕುಮಾರ ಇದನ್ನು ಝಾರ್‌ಗೆ ಕೊಟ್ಟ.

ವಜ್ರವನ್ನು ಗೀರಲು ವಜ್ರವೇ ಬೇಕು. ವಜ್ರದ ಪುಡಿಯನ್ನು ಸೂಜಿಯ ತುದಿಗೆ ಹಚ್ಚಿ, ಕೂದಲೆಳೆಯಷ್ಟು ಸಣ್ಣ ಗೆರೆಯನ್ನು ಮತ್ತೆ ಮತ್ತೆ ತೀಡಬೇಕು. ಒಂದು ಅಕ್ಷರಕ್ಕೆ ಎಷ್ಟು ದಿನ ಹಿಡಿದಿರಬೇಕು! ಕೈ ಒಮ್ಮೆ ಜಾರಿದರೆ ದೊರೆಯ ಹೆಸರೇ ಕೆಟ್ಟಿತು. ಮೂರು ದೊರೆಗಳ ಹೆಸರು ಅಲ್ಲಿವೆ. ಬರೆದ ಮೂವರ ಹೆಸರಿಲ್ಲ.

ಈಗ ಎಲ್ಲರಿಗೂ ಗೊತ್ತಿರುವ ಹೆಸರಿಗೆ ಬರುತ್ತೇನೆ. ಫ್ಯಾಬರ್ಜೆ.

ಗುಸ್ತಾವ್ ಫ್ಯಾಬರ್ಜೆ 1842ರಲ್ಲಿ ಪೀಟರ್ಸ್‌ಬರ್ಗ್‌ನಲ್ಲಿ ಒಡವೆ ಅಂಗಡಿ ತೆರೆದರು. ಮಗ ಕಾರ್ಲ್ 1872ರಲ್ಲಿ ಅದನ್ನು ವಹಿಸಿಕೊಂಡರು. 1885ರಲ್ಲಿ ಮೂರನೇ ಅಲೆಕ್ಸಾಂಡರ್ ಝಾರ್ ಹೆಂಡತಿಗೆ ಈಸ್ಟರ್ ಹಬ್ಬದ ಉಡುಗೊರೆಯಾಗಿ ಮೊದಲ ಮೊಟ್ಟೆ ಮಾಡಿಸಿದ. ಬಿಳಿ ಎನಾಮೆಲ್ ಚಿಪ್ಪು, ಒಳಗೆ ಚಿನ್ನದ ಹಳದಿ, ಅದರೊಳಗೆ ಚಿನ್ನದ ಕೋಳಿ. ಅಲ್ಲಿಂದ ಕ್ರಾಂತಿಯವರೆಗೆ ಇಬ್ಬರು ಝಾರ್‌ಗಳಿಗೆ 50 ಮೊಟ್ಟೆಗಳು ಹೋದವು. ಮೊಟ್ಟೆಗಳ ಬಗ್ಗೆ ಎಲ್ಲ ಕಡೆ ಸಿಗುತ್ತದೆ, ಹೆಚ್ಚು ಹೇಳುವುದಿಲ್ಲ. ಒಂದು ಮಾತು ಮಾತ್ರ. ಕಾರ್ಲ್ ಫ್ಯಾಬರ್ಜೆ ಇವನ್ನು ತಾವೇ ಕೂತು ಮಾಡಿದವರಲ್ಲ. ಅವರದು ಯೋಚನೆ, ಆಯ್ಕೆ, ಕಣ್ಣು. ಕೈಗಳು ನೂರಾರು ಬೇರೆಯವರವು. ಕರೇಲಿಯಾದ ರೈತಾಪಿ ಮನೆಯಿಂದ ಬಂದ ಮಿಖಾಯಿಲ್ ಪೆರ್ಖಿನ್, ಫಿನ್ಲೆಂಡ್ ಕಡೆಯ ಹೆನ್ರಿಕ್ ವಿಗ್‌ಸ್ಟ್ರೋಮ್, ಇಂಥ ಮೇಸ್ತ್ರಿಗಳ ಕೈಕೆಳಗೆ ಒಂದೊಂದು ಕಾರ್ಯಾಗಾರ. ಬೆಳ್ಳಿ ಚಿನ್ನದ ಕೆಲಸದಲ್ಲಿ ಮೇಸ್ತ್ರಿಯ ಹೆಸರಿನ ಮೊದಲಕ್ಷರಗಳ ಮುದ್ರೆ ಬೀಳುತ್ತಿತ್ತು. ಹಾಗಾಗಿ ಅವರ ಗುರುತು ಉಳಿಯಿತು.

ಕಲ್ಲಿನ ಮೇಲೆ ಮುದ್ರೆ ಒತ್ತಲು ಬರುವುದಿಲ್ಲ. ಫ್ಯಾಬರ್ಜೆ ಕಾರ್ಯಾಗಾರದ ಕಲ್ಲಿನ ಪ್ರಾಣಿಗಳ ಮೇಲೆ ಬಹುಪಾಲು ಯಾವ ಗುರುತೂ ಇಲ್ಲ. ನನಗೆ ವಜ್ರದ ಮೊಟ್ಟೆಗಳಿಗಿಂತ ಇವೇ ಇಷ್ಟ. ಅಂಗೈಯಲ್ಲಿ ಹಿಡಿಸುವ ಆನೆ, ಹಂದಿ, ಕಪ್ಪೆ, ಗುಬ್ಬಿ. ಕಲ್ಲು ನೋಡಿ ಪ್ರಾಣಿ, ಪ್ರಾಣಿ ನೋಡಿ ಕಲ್ಲು. ಎರಡು ಬಣ್ಣದ ಪದರ ಇರುವ ಕಲ್ಲು ಸಿಕ್ಕರೆ ಒಂದು ಪದರ ಮೈ, ಇನ್ನೊಂದು ಮೂತಿ. 1907ರಲ್ಲಿ ಇಂಗ್ಲೆಂಡಿನ ರಾಣಿ ಅಲೆಕ್ಸಾಂಡ್ರಾಗಾಗಿ ಸ್ಯಾಂಡ್ರಿಂಗ್‌ಹ್ಯಾಮ್ ಅರಮನೆಯ ನಾಯಿ, ಕುದುರೆ, ಕೋಳಿಗಳನ್ನೆಲ್ಲ ನೋಡಿ ಮೇಣದಲ್ಲಿ ಮಾದರಿ ಮಾಡಿ, ಪೀಟರ್ಸ್‌ಬರ್ಗ್‌ನಲ್ಲಿ ಕಲ್ಲಿಗೆ ಇಳಿಸಿದರು. ದೊರೆಯ ನಾಯಿ ಸೀಸರ್‌ಗೆ ಕೆಂಪಿನ ಕಣ್ಣು ಕೂರಿಸಿದರು. ಈ ಕಾರ್ಯಾಗಾರದ ಮುಖ್ಯ ಕೈಗಳಾದ ಪ್ಯೋತರ್ ಕ್ರೆಮ್ಲ್ಯೋವ್ ಮತ್ತು ಪ್ಯೋತರ್ ದೆರ್ಬಿಶೆವ್ ಇಬ್ಬರೂ ಉರಲ್‌ನ ಕಲ್ಲು ಕೆಲಸದ ನಾಡಿನಿಂದ ಬಂದವರು. ದೆರ್ಬಿಶೆವ್ ಮೊದಲ ಮಹಾಯುದ್ಧಕ್ಕೆ ಹೋಗಿ ಸತ್ತರು.

ಫ್ಯಾಬರ್ಜೆ ಕಾರ್ಯಾಗಾರದ ಹೂಗಳನ್ನು ಹತ್ತಿರದಿಂದ ನೋಡಬೇಕು. ಒಂದು ಪುಟ್ಟ ಲೋಟ, ಮುಕ್ಕಾಲು ನೀರು, ಅದರಲ್ಲಿ ಒಂದು ಹೂವಿನ ಕಡ್ಡಿ ಓರೆಯಾಗಿ ನಿಂತಿದೆ. ಗಾಳಿ ಬಂದರೆ ಹೂವು ಅಲ್ಲಾಡಿ, ನೀರು ತುಳುಕುತ್ತದೆ ಅನ್ನಿಸುತ್ತದೆ. ಆದರೆ ಅಲ್ಲಿ ಲೋಟವೂ ಇಲ್ಲ, ನೀರೂ ಇಲ್ಲ. ಇಡೀ ಒಂದು ಸ್ಫಟಿಕದ ತುಂಡು. ನೀರಿನ ಮಟ್ಟ ಎಲ್ಲಿ ಬರಬೇಕೋ ಅಲ್ಲಿಯವರೆಗೆ ಮಾತ್ರ ಮೇಲಿನಿಂದ ಕೊರೆದು ತೆಗೆದಿದ್ದಾರೆ. ಕೆಳಗಿನ ಗಟ್ಟಿ ಭಾಗ ನೀರಾಗಿ ಕಾಣುತ್ತದೆ. ಕಡ್ಡಿ ಇಳಿಯಲು ಒಂದು ಸಣ್ಣ ತೂತು. ಇದನ್ನು ಯೋಚಿಸಿದವರಿಗಿಂತ, ಕೊರೆಯುವಾಗ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿದ್ದವರಿಗೆ ನನ್ನ ನಮಸ್ಕಾರ ಮೊದಲು.

ಎನಾಮೆಲ್ ಕೆಲಸವೂ ಸಾಮಾನ್ಯದ್ದಲ್ಲ. ಬೆಳ್ಳಿ ಅಥವಾ ಚಿನ್ನದ ತಗಡಿನ ಮೇಲೆ ಯಂತ್ರದಿಂದ ಅಲೆಗೆರೆ ಕೊರೆದು, ಅದರ ಮೇಲೆ ಗಾಜಿನ ಪುಡಿ ಹರಡಿ, 700-800 ಡಿಗ್ರಿಯಲ್ಲಿ ಸುಡುವುದು. ಆರಿದ ಮೇಲೆ ಇನ್ನೊಂದು ಪದರ, ಮತ್ತೆ ಸುಡುವುದು. ಆರನೇ ಸಲ ಸುಡುವಾಗ ಬಿರುಕು ಬಿಟ್ಟರೆ ಐದು ಸಲದ್ದೂ ಹೋಯಿತು.

ಇಷ್ಟೆಲ್ಲ ಕೈಗಳ ನಡುವೆ ಒಬ್ಬರ ಹೆಸರು ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿದೆ. ಆಲ್ಮಾ ಪೀಲ್.

ಆಲ್ಮಾ 1888ರಲ್ಲಿ ಹುಟ್ಟಿದರು. ಫಿನ್ಲೆಂಡ್ ಮೂಲದ ಅಕ್ಕಸಾಲಿಗರ ಮನೆತನ. ತಂದೆ ಫ್ಯಾಬರ್ಜೆಯ ಮಾಸ್ಕೋ ಶಾಖೆಯಲ್ಲಿ ಒಡವೆಯ ಮೇಸ್ತ್ರಿ. ತಾಯಿಯ ತಂದೆ, ಸೋದರಮಾವ ಕೂಡ ಅದೇ ಕೆಲಸದವರು. ಇಪ್ಪತ್ತರ ಹರೆಯದಲ್ಲಿ ಆಲ್ಮಾ ಸೋದರಮಾವ ಆಲ್ಬರ್ಟ್ ಹೋಲ್ಮ್‌ಸ್ಟ್ರೋಮ್ ಕಾರ್ಯಾಗಾರಕ್ಕೆ ಸೇರಿದರು. ಕೆಲಸ ಏನೆಂದರೆ, ತಯಾರಾದ ಪ್ರತಿ ಒಡವೆಯ ಚಿತ್ರವನ್ನು ಲೆಕ್ಕದ ಪುಸ್ತಕದಲ್ಲಿ ಅಳತೆಗೆ ತಕ್ಕಂತೆ ಬರೆಯುವುದು. ಬಿಡುವಿದ್ದಾಗ ತಮ್ಮದೇ ಚಿತ್ರಗಳನ್ನೂ ಬರೆಯುತ್ತಿದ್ದರು. ಮಾವ ಅದನ್ನು ನೋಡಿದರು. ಕೆಲವನ್ನು ಮಾಡಿಸಿದರು. ಅವು ಮಾರಿಹೋದವು.

ಆಗ ಪೆಟ್ರೋಲಿಯಂ ಎಣ್ಣೆ ವ್ಯಾಪಾರದ ದೊಡ್ಡ ಸಾಹುಕಾರ ಎಮಾನುಯೆಲ್ ನೊಬೆಲ್ ಅವರಿಂದ ಅವಸರದ ಆರ್ಡರ್ ಬಂತು. ನಲವತ್ತು ಸಣ್ಣ ಒಡವೆ ಬೇಕು, ಹೆಚ್ಚಾಗಿ ಬಟ್ಟೆಗೆ ಸಿಕ್ಕಿಸುವ ಬ್ರೂಚ್‌ಗಳು. ಹೊಸ ಥರ ಇರಬೇಕು. ತೀರಾ ಬೆಲೆಬಾಳುವಂತೆ ಕಾಣಬಾರದು, ಕೊಟ್ಟರೆ ಲಂಚ ಅನ್ನಿಸಬಾರದು. ಚಳಿಗಾಲ. ಕಾರ್ಯಾಗಾರದ ಕಿಟಕಿಯ ಪಕ್ಕ ಆಲ್ಮಾ ಅವರ ಮೇಜು. ಕಿಟಕಿಯ ಗಾಜು ಸರಿಯಾಗಿ ಬೆಚ್ಚಗಿರಲಿಲ್ಲ, ಒಳಮೈಯಲ್ಲಿ ಹಿಮ ಹೆಪ್ಪುಗಟ್ಟಿತ್ತು. ಅದರ ಮೇಲೆ ಬಿಸಿಲು ಬಿತ್ತು. ಗಾಜಿನ ಮೇಲೆ ಜರೀಗಿಡದ ಎಲೆಯ ಹಾಗೆ, ನಕ್ಷತ್ರದ ಹಾಗೆ ಹಿಮದ ಹೂ ಮಿನುಗಿದವು. ಅದೇ ಒಡವೆಯಾಯಿತು.

ಎಲ್ಲರೂ ದಿನಾ ನೋಡುತ್ತಿದ್ದ ಕಿಟಕಿ ಅದು. ಚಳಿಗೆ ಬೈದುಕೊಂಡು ಒರೆಸುತ್ತಿದ್ದ ಕಿಟಕಿ.

1913ರಲ್ಲಿ ಅದೇ ಹಿಮ ಮೊಟ್ಟೆಯಾಯಿತು. ಎರಡನೇ ನಿಕೊಲಾಯ್ ತನ್ನ ತಾಯಿಗೆ ಕೊಟ್ಟ ಚಳಿಗಾಲದ ಮೊಟ್ಟೆ. ತೆಳುವಾಗಿ ಕೊರೆದ ಸ್ಫಟಿಕದ ಚಿಪ್ಪು. ಒಳಮೈಯಲ್ಲಿ ಹಿಮದ ಗೆರೆಗಳ ಕೆತ್ತನೆ, ಹೊರಮೈಯಲ್ಲಿ ಪ್ಲಾಟಿನಮ್ ಮತ್ತು ವಜ್ರದ ಹಿಮ. ಮೊಟ್ಟೆ ಕೂತಿರುವುದು ಕರಗುತ್ತಿರುವ ಮಂಜುಗಡ್ಡೆಯ ಮೇಲೆ. ಅದೂ ಸ್ಫಟಿಕ. ಕರಗಿ ಇಳಿಯುವ ನೀರು ವಜ್ರದ ಸಾಲು. ಮೊಟ್ಟೆ ತೆರೆದರೆ ಒಳಗೆ ಪ್ಲಾಟಿನಮ್ ಬುಟ್ಟಿ, ಅದರ ತುಂಬ ಬಿಳಿ ಕಲ್ಲಿನ ಕಾಡುಹೂ, ನೆಫ್ರೈಟ್ ಕಲ್ಲಿನ ಹಸಿರೆಲೆ, ಚಿನ್ನದ ಪಾಚಿ. ಹೂವಿನ ನಡುವೆ ಉರಲ್‌ನ ದೆಮಂತೋಯ್ಡ್, ವಜ್ರಕ್ಕಿಂತ ಜಾಸ್ತಿ ಬಣ್ಣ ಚೆಲ್ಲುವ ಹಸಿರು ಹರಳು. ಹಿಮದ ನಾಡಿನಲ್ಲಿ ವಸಂತ ಬರುವುದು ಹಾಗೇ ಅಲ್ವಾ, ಮಂಜು ಕರಗುವಾಗ ಅದರ ಅಡಿಯಿಂದ ಹೂ. ಮುಂದಿನ ವರ್ಷದ ಮೊಸಾಯಿಕ್ ಮೊಟ್ಟೆಯೂ ಆಲ್ಮಾ ಅವರದೇ. ಗಂಡನ ತಾಯಿ ಕೂತು ಹಾಕುತ್ತಿದ್ದ ಕಸೂತಿ ನೋಡಿ ಹೊಳೆದದ್ದಂತೆ. ಪ್ಲಾಟಿನಮ್ ಬಲೆಯ ಪುಟ್ಟ ಪುಟ್ಟ ಚೌಕಗಳಲ್ಲಿ ಹರಳು ಕೂರಿಸಿ ಮಾಡಿದ ಕಸೂತಿ.

ಕ್ರಾಂತಿ ಬಂತು. 1918ರಲ್ಲಿ ಅಂಗಡಿ ಸರ್ಕಾರದ ಪಾಲಾಯಿತು. ಕಾರ್ಲ್ ಫ್ಯಾಬರ್ಜೆ ದೇಶ ಬಿಟ್ಟು 1920ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ತೀರಿಕೊಂಡರು. ಸೋವಿಯತ್ ಸರ್ಕಾರ ಹಣಕ್ಕಾಗಿ ಒಡವೆಗಳನ್ನು ಮಾರತೊಡಗಿತು. ಝಾರ್ 24,600 ರೂಬಲ್ ಕೊಟ್ಟಿದ್ದ ಚಳಿಗಾಲದ ಮೊಟ್ಟೆ 450 ಪೌಂಡಿಗೆ ಲಂಡನ್‌ನ ವ್ಯಾಪಾರಿಯ ಕೈಸೇರಿತು. ಆಲ್ಮಾ ಮತ್ತು ಗಂಡ 1921ರಲ್ಲಿ ಫಿನ್ಲೆಂಡಿಗೆ ಹೋದರು. ಕೂಸಾನ್‌ಕೊಸ್ಕಿ ಎಂಬ ಕಾಗದದ ಕಾರ್ಖಾನೆಯ ಊರು. ಅಲ್ಲಿನ ಶಾಲೆಯಲ್ಲಿ ಆಲ್ಮಾ ಚಿತ್ರಕಲೆಯ ಟೀಚರ್ ಆದರು. ಇಪ್ಪತ್ತಕ್ಕೂ ಹೆಚ್ಚು ವರ್ಷ ಪಾಠ ಮಾಡಿದರು. ತಾವು ಯಾರಿಗಾಗಿ ಏನು ಮಾಡಿದ್ದೆವು ಅಂತ ಆ ಮಕ್ಕಳಿಗೆ ಹೇಳಲೇ ಇಲ್ಲ. 1976ರಲ್ಲಿ ತೀರಿಕೊಂಡರು. ಅವರ ಕೆಲಸ ಅವರದೇ ಅಂತ ಜಗತ್ತಿಗೆ ಸ್ಪಷ್ಟವಾದದ್ದು ಆಮೇಲೆ, ಮಾವನ ಕಾರ್ಯಾಗಾರದ ಎರಡು ಲೆಕ್ಕದ ಪುಸ್ತಕಗಳು ಹೊರಬಂದಾಗ. 1909ರಿಂದ 1915ರವರೆಗಿನವು. ಹಿಮದ ಹೂಗಳು ಪುಟಪುಟದಲ್ಲೂ ಇದ್ದವು.

2025ರ ಡಿಸೆಂಬರ್‌ನಲ್ಲಿ ಚಳಿಗಾಲದ ಮೊಟ್ಟೆ ಲಂಡನ್‌ನಲ್ಲಿ ಮತ್ತೆ ಹರಾಜಾಯಿತು. 2 ಕೋಟಿ 29 ಲಕ್ಷ ಪೌಂಡ್. ಸುದ್ದಿ ಓದಿ ಅಪ್ಪನಿಗೆ ಫೋನಿನಲ್ಲಿ ಫೋಟೋ ತೋರಿಸಿದೆ. ಅಪ್ಪನಿಗೆ ಈಗ ಎಂಬತ್ತರ ಹತ್ತಿರ. ಕಣ್ಣು ಮಂಜಾಗಿದೆ, ಕೆಲಸ ಬಿಟ್ಟು ಹತ್ತು ವರ್ಷ ಆಯಿತು. ಬೆಲೆ ಹೇಳಿದೆ. ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಎದ್ದು ಹೋಗಿ ಹಳೇ ಭೂತಗನ್ನಡಿ ತಂದರು. ಫೋನಿನ ಮೇಲೆ ಹಿಡಿದು, ಬೆರಳಿನಿಂದ ಚಿತ್ರವನ್ನು ದೊಡ್ಡದು ಮಾಡಿಸಿಕೊಂಡು, ಬಹಳ ಹೊತ್ತು ನೋಡಿದರು.

‘ಸ್ಫಟಿಕದ ಒಳಗೆ ಕೂಡಿದ್ದನ್ನ ಅಡಗಿಸೋಕೆ ಆಗಲ್ಲ,’ ಅಂದರು. ‘ಯಾವ ಕಡೆಯಿಂದ ನೋಡಿದ್ರೂ ಕಾಣುತ್ತೆ.’

ಮತ್ತೆ ಗಾಜು ಸರಿಸಿದರು. ಮೊಟ್ಟೆಯ ಎರಡು ಭಾಗ ಸೇರುವ ಅಂಚಿನಲ್ಲಿ ಒಂದು ಬಿಳಿ ಗೆರೆ ಹೊಳೆಯುತ್ತದೆ. ಅದು ವಜ್ರದ ಸಾಲು, ಮೇಲಿಂದ ಕೆಳಗಿನವರೆಗೆ.

‘ಇಲ್ನೋಡು,’ ಅಂದರು ಅಪ್ಪ. ‘ಬೆಸುಗೆ ಜಾಗಾನೇ ತೋರಿಸಿಬಿಟ್ಟಿದಾರೆ. ಯಾರು ಮಾಡಿದ್ದು?’

ನಾನು ಹೆಸರು ಹೇಳಿದೆ. ಅಪ್ಪನಿಗೆ ಸರಿಯಾಗಿ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳಿಸಿಕೊಂಡು, ಆಮೇಲೆ ತಾವೇ ಮೆಲ್ಲಗೆ ಹೇಳಿ ನೋಡಿದರು.